ಕಾಡಂಚಿನ ಊರಿಗೆ ಮೊದ್ಲು ಕಲಿಸ್ಬೇಕಾಗಿರೋದು ಬದುಕೋ ವಿದ್ಯೆ, ವನ್ಯಜೀವಿ ಸಂರಕ್ಷಣೆ ಅದರ ಹಿಂದೇನೇ ಬರತ್ತೆ

ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರ ತನಕ ವನ್ಯಜೀವಿ ಸಪ್ತಾಹ ಮಾಡ್ತಾರೆ. ಕಾಡು ಪಕ್ಕದ ಊರುಗಳ ಸ್ಕೂಲಿಗೆ ಆ ವಾರ ಯಾರಾದ್ರೂ ಬರ್ತಾರೆ, ಹುಲಿ ಚಿತ್ರ ಬಿಡಿಸೋ ಸ್ಪರ್ಧೆ ಇಡ್ತಾರೆ, ಭಾಷಣ ಆಗತ್ತೆ, ಕಾಡು ಉಳಿಸ್ತೀವಿ ಅಂತ ಪ್ರತಿಜ್ಞೆ ಮಾಡಿ ಮಕ್ಕಳು ಮನೆಗೆ ಹೋಗ್ತಾರೆ. ಆದ್ರೆ ಅದೇ ಮಗು ಮಾರನೇ ದಿನ ಬೆಳಗ್ಗೆ ಸ್ಕೂಲಿಗೆ ನಡ್ಕೊಂಡು ಬರೋ ದಾರೀಲಿ ಇನ್ನೂ ಬಿಸಿ ಆರದ ಆನೆ ಲದ್ದಿ ಕಂಡ್ರೆ ಮುಂದಕ್ಕೆ ಹೋಗ್ಬೇಕಾ, ವಾಪಸ್ ತಿರುಗ್ಬೇಕಾ, ಯಾರಿಗೆ ಹೇಳ್ಬೇಕು ಅಂತ ಆ ಭಾಷಣದಲ್ಲಿ ಯಾರೂ ಹೇಳಿರಲ್ಲ. ರಾತ್ರಿ ನೆಲದ ಮೇಲೆ ಮಲಗಿರೋ ಅಜ್ಜಿಗೆ ಹಾವು ಕಚ್ಚಿದ್ರೆ ಮೊದಲ ಹತ್ತು ನಿಮಿಷ ಏನ್ ಮಾಡ್ಬೇಕು ಅನ್ನೋದನ್ನೂ ಹೇಳಿರಲ್ಲ. ನನ್ಗೆ ಇದು ತುಂಬಾ ದಿನದಿಂದ ಮನಸ್ಸಲ್ಲಿ ಕೊರೀತಾ ಇರೋ ವಿಷ್ಯ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಕರ್ನಾಟಕದಲ್ಲಿ 2022ರ ಗಣತಿ ಪ್ರಕಾರ 563 ಹುಲಿ ಇವೆ, 2023ರ ಆನೆ ಗಣತೀಲಿ 6,395 ಆನೆ ಅಂತ ಲೆಕ್ಕ ಸಿಕ್ತು. ಇವೆಲ್ಲಾ ಕಾಡೊಳಗೇ ಕೂತಿರಲ್ಲ ಅನ್ನೋದು ಕಾಡಂಚಲ್ಲಿ ಇರೋರಿಗೆ ಚೆನ್ನಾಗಿ ಗೊತ್ತು. ಕಬ್ಬಿನ ಗದ್ದೆ, ಕಾಫಿ ತೋಟ, ಕೆರೆ ಏರಿ, ಮನೆ ಹಿತ್ತಲು, ಎಲ್ಲಾ ಕಡೆ ಓಡಾಡ್ತಾವೆ. ಇಂಥ ಜಾಗದಲ್ಲಿ ಜನ ಪ್ರಾಣಿನ ಕೊಲ್ಲೋದು ದ್ವೇಷಕ್ಕಿಂತ ಜಾಸ್ತಿ ಭಯಕ್ಕೆ, ಇಲ್ಲಾ ನಷ್ಟ ತಡ್ಕೊಳ್ಳೋಕೆ ಆಗದೆ. ಭಯದಲ್ಲಿ ಅರ್ಧ ಬರೋದು ಎದುರಿಗೆ ಬಂದಾಗ ಏನ್ ಮಾಡ್ಬೇಕು ಅಂತ ಗೊತ್ತಿಲ್ದೆ ಇರೋದ್ರಿಂದ. ಈಜು ಬರದವನಿಗೆ ಕೆರೆ ಎಷ್ಟೇ ಚೆಂದ ಇದ್ರೂ ಭಯಾನೇ, ಅವನಿಗೆ ಕೆರೆ ಉಳಿಸು ಅಂತ ಹೇಳೋಕ್ ಮುಂಚೆ ಈಜು ಕಲಿಸ್ಬೇಕು. ಹಾಗಾಗಿ ನನ್ನ ಮಾತು ಇಷ್ಟೇ, ಸಮುದಾಯದ ಜೊತೆ ಕೆಲ್ಸ ಮಾಡೋ ಯಾವುದೇ ವನ್ಯಜೀವಿ ಕಾರ್ಯಕ್ರಮ ಮೊದ್ಲು ಆ ಜನಕ್ಕೆ ಇವತ್ತೇ ಬೇಕಾಗಿರೋ ಹೊರಾಂಗಣದ ವಿದ್ಯೆ ಕಲಿಸ್ಬೇಕು, ನಡೆಯೋದು, ನೋಡೋದು, ಗುರುತು ಹಿಡಿಯೋದು, ಪ್ರಥಮ ಚಿಕಿತ್ಸೆ, ಅರ್ಜಿ ತುಂಬೋದು. ಇದು ಬರೀ ಅಭಿಪ್ರಾಯ ಅಲ್ಲ, ಕೆಲ್ಸ ಆಗಿರೋ ಉದಾಹರಣೆಗಳು ನಮ್ಮ ಸುತ್ತಮುತ್ತಾನೇ ಇವೆ.

ಹಾವಿಂದ ಶುರು ಮಾಡೋಣ

ಹುಲಿ, ಆನೆ ಸುದ್ದಿ ಪೇಪರಲ್ಲಿ ಬರತ್ತೆ, ಹಾವಿನ ಸುದ್ದಿ ಬರಲ್ಲ, ಆದ್ರೆ ಸಾವಿನ ಲೆಕ್ಕ ನೋಡಿದ್ರೆ ಹಾವಿನ ಹತ್ರ ಬೇರೆ ಯಾವ ಕಾಡುಪ್ರಾಣೀನೂ ಸುಳಿಯಲ್ಲ. 2020ರಲ್ಲಿ ಪ್ರಕಟ ಆದ ಒಂದು ದೊಡ್ಡ ಅಧ್ಯಯನ 2000ದಿಂದ 2019ರ ನಡುವೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದಾರೆ ಅಂತ ಅಂದಾಜು ಮಾಡ್ತು, ಅಂದ್ರೆ ವರ್ಷಕ್ಕೆ ಸರಾಸರಿ 58,000. ಅದ್ರಲ್ಲಿ ಹೆಚ್ಚು ಕಮ್ಮಿ ಅರ್ಧ ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಮಳೆಗಾಲದಲ್ಲಿ, ಹೊಲದ ಕೆಲ್ಸ ಜೋರಾಗಿರೋ ಟೈಮಲ್ಲಿ. ಸತ್ತೋರಲ್ಲಿ ಬಹುಪಾಲು ಹಳ್ಳಿ ಜನ, ಎಷ್ಟೋ ಜನ ಆಸ್ಪತ್ರೆ ಮುಟ್ಟೋಕ್ ಮುಂಚೇನೇ. ಕರ್ನಾಟಕ ಸರ್ಕಾರ 2024ರ ಫೆಬ್ರವರೀಲಿ ಹಾವು ಕಡಿತನ ಕಡ್ಡಾಯವಾಗಿ ವರದಿ ಮಾಡ್ಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸ್ತು, ಅದಾದ ಮುಂದಿನ ತಿಂಗಳೇ ಕೇಂದ್ರ ಸರ್ಕಾರ 2030ರ ಹೊತ್ತಿಗೆ ಸಾವು ಅರ್ಧಕ್ಕೆ ಇಳಿಸ್ಬೇಕು ಅಂತ ಒಂದು ರಾಷ್ಟ್ರೀಯ ಯೋಜನೆ ತಂತು. ಕಾಗದದ ಮೇಲೆ ಒಳ್ಳೇದಾಗಿದೆ, ಊರೊಳಗೆ ಅದು ಹೇಗೆ ಇಳಿಯತ್ತೆ ಅನ್ನೋದು ಮುಖ್ಯ.

ನಮ್ಮಲ್ಲಿ ಜನರನ್ನ ಹೆಚ್ಚಾಗಿ ಕೊಲ್ಲೋದು ನಾಲ್ಕು ಹಾವು, ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ. ಒಂದೊಂದರ ಸ್ವಭಾವ ಒಂದೊಂಥರ, ಆ ಸ್ವಭಾವ ಗೊತ್ತಾದ್ರೇನೇ ತಪ್ಪಿಸ್ಕೊಳ್ಳೋ ವಿದ್ಯೆ ಬರೋದು. ಕೊಳಕುಮಂಡಲ ಸಂಜೆ, ರಾತ್ರಿ ಹೊತ್ತು ಚುರುಕು, ಒಣಗಿದ ಎಲೆ ಬಣ್ಣಾನೇ ಇರೋದ್ರಿಂದ ಕಾಣಲ್ಲ, ಹತ್ರ ಹೋದ್ರೆ ಓಡಲ್ಲ, ಇದ್ದಲ್ಲೇ ಸುತ್ಕೊಂಡು ಜೋರಾಗಿ ಬುಸುಗುಡತ್ತೆ, ಗದ್ದೆ ಬದು, ಹುಲ್ಲು ಕೊಯ್ಯೋ ಜಾಗದಲ್ಲಿ ಕಾಲಿಗೋ ಕೈಗೋ ಬೀಳತ್ತೆ. ಕಟ್ಟುಹಾವಿನ ಕಥೆ ಬೇರೆ, ಅದು ರಾತ್ರಿ ಇಲಿ, ಹಲ್ಲಿ, ಬೇರೆ ಹಾವು ಹುಡುಕ್ಕೊಂಡು ಮನೆ ಒಳಗೇ ಬರತ್ತೆ, ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗಿರೋರಿಗೆ ನಿದ್ದೇಲೇ ಕಚ್ಚತ್ತೆ, ನೋವು ಎಷ್ಟು ಕಮ್ಮಿ ಅಂದ್ರೆ ಸೊಳ್ಳೆ ಕಚ್ಚಿರಬೇಕು ಅಂತ ಮಗ್ಗಲು ಬದಲಾಯಿಸಿ ಮಲಗ್ತಾರೆ. ಹಾಗಾಗಿ ಇಲ್ಲಿ ಕಲಿಸ್ಬೇಕಾಗಿರೋದು ತುಂಬಾ ಸಣ್ಣ ಸಣ್ಣ ವಿಷ್ಯ. ರಾತ್ರಿ ಹಿತ್ತಲಿಗೆ ಹೋಗ್ಬೇಕಾದ್ರೂ ಟಾರ್ಚ್ ಇಲ್ದೆ ಕಾಲಿಡಬಾರ್ದು. ಮಂಚ ಇದ್ರೆ ಮಂಚ, ಇಲ್ಲಾಂದ್ರೆ ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನ ಹಾಸಿಗೆ ಕೆಳಗೆ ಪೂರ್ತಿ ಸಿಗಿಸ್ಬೇಕು, ಸುಮ್ನೆ ಇಳಿಬಿಟ್ರೆ ಪ್ರಯೋಜನ ಇಲ್ಲ. ಸೌದೆ ರಾಶಿ, ಹಂಚಿನ ರಾಶಿ ಗೋಡೆಗೆ ಒತ್ತಿ ಇಡಬಾರ್ದು, ಅದ್ರೊಳಗೆ ಕೈ ಹಾಕೋಕ್ ಮುಂಚೆ ಕೋಲಲ್ಲಿ ಅಲ್ಲಾಡಿಸ್ಬೇಕು. ಕಾಳು ಚೀಲ ಮಲಗೋ ರೂಮಲ್ಲಿ ಇಟ್ರೆ ಇಲಿ ಬರತ್ತೆ, ಇಲಿ ಹಿಂದೆ ಹಾವು ಬರತ್ತೆ. ಗದ್ದೆಗೆ ಇಳಿಯೋರಿಗೆ ಗಮ್‌ಬೂಟು. ಇವೆಲ್ಲ ದೊಡ್ಡ ಖರ್ಚಿನ ವಿಷ್ಯ ಅಲ್ಲ, ಆದ್ರೆ ಬಾಯಲ್ಲಿ ಹೇಳಿದ್ರೆ ಯಾರ ತಲೇಲೂ ನಿಲ್ಲಲ್ಲ, ಒಂದು ಮನೆಗೇ ಕರ್ಕೊಂಡು ಹೋಗಿ ಆ ಸೌದೆ ರಾಶಿ ಮುಂದೆ ನಿಂತು ತೋರಿಸ್ಬೇಕು.

ಕಚ್ಚಿದ ಮೇಲಿನ ಪಾಠ ಇನ್ನೂ ಮುಖ್ಯ, ಯಾಕಂದ್ರೆ ಇಲ್ಲಿ ಹಳೇ ನಂಬಿಕೆಗಳು ನೇರವಾಗಿ ಜೀವ ತೆಗೀತಾವೆ. ಹಗ್ಗ, ಬಟ್ಟೆ ಬಿಗಿಯಾಗಿ ಕಟ್ಟೋದು, ಬ್ಲೇಡಲ್ಲಿ ಕೊಯ್ಯೋದು, ಬಾಯಲ್ಲಿ ಹೀರೋದು, ಐಸ್ ಇಡೋದು, ನಾಟಿ ಸೊಪ್ಪು ಅರೆದು ಹಚ್ಚೋದು, ಇದ್ಯಾವುದೂ ಬೇಡ. ಬಿಗಿಯಾಗಿ ಕಟ್ಟಿದ್ರೆ ರಕ್ತ ಓಡಾಟ ನಿಂತು ಕಾಲೇ ಕೊಳೆಯಬಹುದು, ಆಸ್ಪತ್ರೇಲಿ ದಿಢೀರ್ ಅಂತ ಬಿಚ್ಚಿದಾಗ ವಿಷ ಒಂದೇ ಸಲ ಮೈಗೆ ನುಗ್ಗಬಹುದು. ಕೊಳಕುಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟೋದೇ ನಿಂತು ಹೋಗತ್ತೆ, ಅಂಥ ಟೈಮಲ್ಲಿ ಬ್ಲೇಡ್ ಹಾಕಿದ್ರೆ ಆ ಗಾಯದ ರಕ್ತ ನಿಲ್ಲೋದೇ ಕಷ್ಟ. ಮಾಡ್ಬೇಕಾಗಿರೋದು ಇಷ್ಟು, ಕಚ್ಚಿಸ್ಕೊಂಡೋರನ್ನ ಕೂರಿಸಿ ಧೈರ್ಯ ಹೇಳೋದು, ಉಂಗುರ, ಬಳೆ, ಕಾಲ್ಗೆಜ್ಜೆ, ಕಾಲುಂಗುರ ಕೂಡ್ಲೇ ತೆಗೆಯೋದು ಯಾಕಂದ್ರೆ ಊದ್ಕೊಂಡ್ಮೇಲೆ ಅದೇ ಉರುಳಾಗತ್ತೆ, ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಒಂದು ಪಟ್ಟಿ ಕೋಲು ಇಟ್ಟು ಸಡಿಲವಾಗಿ ಕಟ್ಟೋದು, ಟೈಮ್ ಎಷ್ಟು ಅಂತ ನೋಡ್ಕೊಳ್ಳೋದು, 108ಕ್ಕೆ ಫೋನ್ ಮಾಡೋದು, ಅದು ಲೇಟ್ ಆಗೋ ಹಾಗಿದ್ರೆ ಸಿಕ್ಕಿದ ಗಾಡೀಲಿ ಹೊರಡೋದು. ಬೈಕಾದ್ರೆ ಕಚ್ಚಿಸ್ಕೊಂಡೋರು ಮಧ್ಯದಲ್ಲಿ, ಹಿಂದೆ ಇನ್ನೊಬ್ರು ಹಿಡ್ಕೊಂಡು ಕೂರ್ಬೇಕು. ಹಾವನ್ನ ಹಿಡಿಯೋಕೆ, ಹೊಡೆದು ಚೀಲದಲ್ಲಿ ತರೋಕೆ ಹೋಗ್ಲೇಬಾರ್ದು, ಅದ್ರಲ್ಲಿ ಇನ್ನೊಬ್ರಿಗೆ ಕಚ್ಚಿರೋದು ಎಷ್ಟೋ ಸಲ ಆಗಿದೆ, ಟೈಮೂ ಹೋಗತ್ತೆ. ನಮ್ಮಲ್ಲಿ ಸಿಗೋ ವಿಷನಿರೋಧಕ ಔಷಧಿ ಈ ನಾಲ್ಕೂ ಹಾವಿಗೂ ಸೇರಿಸಿ ಮಾಡಿರೋದು, ಡಾಕ್ಟರು ಲಕ್ಷಣ ನೋಡಿ ಕೊಡ್ತಾರೆ, ಗಾಜಿನ ಟ್ಯೂಬಲ್ಲಿ ರಕ್ತ ಹಾಕಿ 20 ನಿಮಿಷ ಬಿಟ್ಟು ಹೆಪ್ಪುಗಟ್ಟಿದ್ಯಾ ಅಂತ ನೋಡೋ ಸರಳ ಪರೀಕ್ಷೇನೇ ತುಂಬಾ ವಿಷ್ಯ ಹೇಳತ್ತೆ.

ಕಟ್ಟುಹಾವಿನ ಲಕ್ಷಣ ಮಾತ್ರ ಮನೆಮಂದಿಗೆಲ್ಲ ಬಾಯಿಪಾಠ ಆಗಿರ್ಬೇಕು ಅಂತ ನನ್ನ ಹಠ. ರಾತ್ರಿ ಚೆನ್ನಾಗೇ ಮಲಗಿದ್ದೋರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ಕಣ್ಣಿನ ರೆಪ್ಪೆ ಎತ್ತೋಕೆ ಆಗ್ದೆ, ಮಾತು ತೊದಲಿ, ಉಗುಳು ನುಂಗೋಕೆ ಕಷ್ಟ ಆದ್ರೆ, ಮೈಮೇಲೆ ಗಾಯ ಕಾಣ್ಲಿ ಬಿಡ್ಲಿ, ಹಾವು ಅಂತಾನೇ ಅಂದ್ಕೊಂಡು ಆಸ್ಪತ್ರೆಗೆ ಓಡ್ಬೇಕು, ಮುಂದಿನ ಹಂತ ಉಸಿರಾಟ ನಿಲ್ಲೋದು. ಗ್ಯಾಸ್ ಇರಬಹುದು ಅಂತ ಸೋಡಾ ಕುಡಿಸಿ ಮಲಗಿಸೋದು ಈ ಹೊತ್ತಲ್ಲೇ ಆಗೋದು. ಮಲೆನಾಡು, ಕೊಡಗಿನ ಕಡೆ ಇನ್ನೊಂದು ವಿಷ್ಯ ಇದೆ, ಅಲ್ಲಿನ ಗುಳಿಮಂಡಲ ಹಾವುಗಳಿಗೆ ಈ ಔಷಧಿ ಕೆಲ್ಸ ಮಾಡಲ್ಲ, ಹಾಗಾಗಿ ಎಲ್ಲಿ, ಯಾವ ಥರ ಜಾಗದಲ್ಲಿ ಕಚ್ತು ಅಂತ ಡಾಕ್ಟರಿಗೆ ಸರಿಯಾಗಿ ಹೇಳೋದೂ ಕಲೀಬೇಕಾದ ವಿದ್ಯೇನೇ.

ಇಂಥ ತರಬೇತಿಯಿಂದ ನಿಜಕ್ಕೂ ಏನಾದ್ರೂ ಆಗತ್ತಾ ಅಂತ ಕೇಳೋರಿಗೆ ನೇಪಾಳದ ಉದಾಹರಣೆ ಇದೆ. ಆಗ್ನೇಯ ನೇಪಾಳದ ದಮಕ್ ಸುತ್ತಲಿನ ಹಳ್ಳಿಗಳಲ್ಲಿ ಎರಡೇ ಕೆಲ್ಸ ಮಾಡಿದ್ರು, ಜನಕ್ಕೆ ಹಾವು ಕಡಿತದ ಬಗ್ಗೆ ತಿಳಿಸಿದ್ದು ಒಂದು, ಊರಲ್ಲಿ ಬೈಕ್ ಇರೋ ಸ್ವಯಂಸೇವಕರನ್ನ ಗೊತ್ತು ಮಾಡಿ ಯಾರಿಗೇ ಕಚ್ಚಿದ್ರೂ ಕೂಡ್ಲೇ ಆಸ್ಪತ್ರೆಗೆ ಮುಟ್ಟಿಸೋ ವ್ಯವಸ್ಥೆ ಮಾಡಿದ್ದು ಇನ್ನೊಂದು. 2013ರಲ್ಲಿ ಪ್ರಕಟ ಆದ ಫಲಿತಾಂಶದಲ್ಲಿ ಕಚ್ಚಿಸ್ಕೊಂಡೋರಲ್ಲಿ ಸಾಯೋರ ಪ್ರಮಾಣ ಶೇಕಡಾ 10.5ರಿಂದ 0.5ಕ್ಕೆ ಇಳಿದಿತ್ತು, ಕಡಿತದ ಸಂಖ್ಯೇನೂ ಕಮ್ಮಿ ಆಗಿತ್ತು. ಹೊಸ ಔಷಧಿ ಇಲ್ಲ, ಹೊಸ ಮಷಿನ್ ಇಲ್ಲ, ತಿಳುವಳಿಕೆ ಮತ್ತೆ ಬೈಕು ಅಷ್ಟೇ.

ಇದ್ರಲ್ಲಿ ಹಾವು ಉಳಿಸೋ ವಿಷ್ಯ ಎಲ್ಲಿ ಬಂತು ಅಂದ್ರೆ, ಭಯ ಒಂಚೂರು ಇಳಿದ ಮೇಲೆ ಜನ ತಾವಾಗೇ ಕೇಳೋಕೆ ಶುರು ಮಾಡ್ತಾರೆ, ಹಾಗಾದ್ರೆ ಕೇರೆಹಾವಿಗೆ ವಿಷ ಇಲ್ವಾ, ನೀರೊಳ್ಳೆಗೆ ಇಲ್ವಾ, ತೋಳಹಾವು ಕಟ್ಟುಹಾವಿನ ಥರಾನೇ ಕಾಣತ್ತಲ್ಲ ಹೇಗೆ ಗೊತ್ತಾಗೋದು ಅಂತ. ಅಲ್ಲಿಂದ ಸಂರಕ್ಷಣೆ ಪಾಠ ಶುರು ಆಗತ್ತೆ, ಕೇರೆಹಾವು ಇಲಿ ತಿನ್ನತ್ತೆ, ಇಲಿ ಕಮ್ಮಿ ಆದ್ರೆ ಭತ್ತ ಉಳಿಯತ್ತೆ ಅನ್ನೋದು ರೈತನಿಗೆ ಯಾರೂ ಎರಡು ಸಲ ಹೇಳ್ಬೇಕಾಗಿಲ್ಲ. ಆಗುಂಬೆ ಕಡೆ ಕಾಳಿಂಗ ಸರ್ಪ ಮನೆ ಹತ್ರ ಬಂದ್ರೆ ಜನ ಹೊಡೆಯೋ ಬದ್ಲು ಫೋನ್ ಮಾಡ್ತಾರೆ, ಅದಕ್ಕೆ ಪೂಜ್ಯ ಭಾವನೆ ಒಂದು ಕಾರಣ, 2005ರಲ್ಲಿ ಅಲ್ಲಿ ಶುರುವಾದ ಮಳೆಕಾಡು ಸಂಶೋಧನಾ ಕೇಂದ್ರ ಮತ್ತೆ ಆಮೇಲೆ ಬಂದ ತಂಡಗಳು ವರ್ಷಾನುಗಟ್ಟಲೆ ಮನೆ ಮನೆಗೆ ಹೋಗಿ ಮಾತಾಡಿರೋದು ಇನ್ನೊಂದು ಕಾರಣ. ಹಾವುಗಳಲ್ಲಿ ಎಲೆ ಗುಡ್ಡೆ ಹಾಕಿ ಗೂಡು ಕಟ್ಟೋದು ಕಾಳಿಂಗ ಮಾತ್ರ, ಆ ಗೂಡು ತೋಟದಲ್ಲಿ ಕಂಡ್ರೆ ಅದನ್ನ ಅಲ್ಲೇ ಬಿಟ್ಟು, ಮರಿ ಹೊರಗೆ ಬರೋ ತನಕ ಕಾಯೋಕೆ ತೋಟದ ಯಜಮಾನರೇ ಒಪ್ತಾರೆ ಅನ್ನೋದು ನನ್ಗೆ ದೊಡ್ಡ ವಿಷ್ಯ ಅನ್ಸತ್ತೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೇನೇ ಪ್ರಭೇದ ಅಂತ ತೀರ್ಮಾನ ಆಗಿ ಓಫಿಯೋಫೇಗಸ್ ಕಾಳಿಂಗ ಅಂತ ಹೆಸರೂ ಇಟ್ರು.

ಆನೆ ಎಲ್ಲಿದೆ ಅಂತ ಗೊತ್ತಿದ್ರೆ ಅರ್ಧ ಕೆಲ್ಸ ಮುಗೀತು

ತಮಿಳುನಾಡಿನ ವಾಲ್ಪಾರೈ ಅಂತ ಆನೈಮಲೈ ಬೆಟ್ಟದ ಮೇಲೆ ಸುಮಾರು 220 ಚದರ ಕಿಲೋಮೀಟರ್ ಟೀ, ಕಾಫಿ ತೋಟ ಇದೆ, ಸುತ್ತ ಕಾಡು, ಆನೆಗಳು ತೋಟದೊಳಗಿನ ಸಣ್ಣ ಸಣ್ಣ ಕಾಡು ತುಣುಕು ಹಿಡ್ಕೊಂಡು ಓಡಾಡ್ತಾವೆ. ಅಲ್ಲಿ ಕೆಲ್ಸ ಮಾಡೋ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನೋರು ಸಾವುಗಳನ್ನ ಒಂದೊಂದಾಗಿ ಕೂತು ನೋಡಿದಾಗ ಗೊತ್ತಾಗಿದ್ದು ಏನಂದ್ರೆ, ಬಹುಪಾಲು ಜನಕ್ಕೆ ಆನೆ ಹತ್ರದಲ್ಲೇ ಇದೆ ಅನ್ನೋದೇ ಗೊತ್ತಿರಲಿಲ್ಲ. ಸಂಜೆ ಬಸ್ಸಿಳಿದು ಮನೆಗೆ ನಡೀತಿದ್ದೋರು, ತಿರುವಿನಲ್ಲಿ ಎದುರಾಬದುರಾ ಆದೋರು. ಆನೆ ಅಟ್ಟಿಸ್ಕೊಂಡು ಬಂದು ಕೊಲ್ತು ಅನ್ನೋದಕ್ಕಿಂತ ಇಬ್ರಿಗೂ ಗೊತ್ತಿಲ್ದೆ ಇಬ್ರೂ ಬೆಚ್ಚಿಬಿದ್ದಿದ್ದು ಅಂತ ಹೇಳ್ಬಹುದು. ಹಾಗಾದ್ರೆ ಮಾಡ್ಬೇಕಾಗಿರೋದು ಸುಲಭ, ಆನೆ ಇವತ್ತು ಎಲ್ಲಿದೆ ಅಂತ ಜನಕ್ಕೆ ಹೇಳೋದು. ಮೊದ್ಲು ಲೋಕಲ್ ಕೇಬಲ್ ಟೀವೀಲಿ ಕೆಳಗೆ ಅಕ್ಷರ ಓಡಿಸಿದ್ರು, 2011ರಿಂದ ಮೊಬೈಲಿಗೆ ಮೆಸೇಜ್ ಕಳ್ಸೋಕೆ ಶುರು ಮಾಡಿದ್ರು, ಅದರ ಜೊತೆ ಎತ್ತರದ ಜಾಗದಲ್ಲಿ ಕೆಂಪು ದೀಪ ಹಾಕಿದ್ರು, ಹತ್ರದಲ್ಲಿ ಆನೆ ಇದ್ರೆ ಫೋನ್ ಮಾಡಿದ್ರೆ ಸಾಕು ದೀಪ ಮಿಣುಕತ್ತೆ. ಇದ್ರಲ್ಲಿ ನನ್ಗೆ ತುಂಬಾ ಇಷ್ಟ ಆಗಿದ್ದು, ಆ ದೀಪ ಹಚ್ಚೋ ಫೋನು ಮಾಡೋದು ಆಫೀಸಲ್ಲಿ ಕೂತಿರೋರು ಮಾತ್ರ ಅಲ್ಲ, ತೋಟದ ಕಾರ್ಮಿಕರೇ ಮಾಡ್ತಾರೆ, ಅಂದ್ರೆ ಆನೆ ಸುದ್ದಿ ಹೇಳೋ ಜವಾಬ್ದಾರಿ ಊರಿನ ಕೈಗೇ ಬಂತು. ಈ ಕೆಲ್ಸಕ್ಕೆ 2015ರಲ್ಲಿ ಆ ಸಂಸ್ಥೆಯ ಆನಂದ ಕುಮಾರ್ ಅವ್ರಿಗೆ ವಿಟ್ಲಿ ಅನ್ನೋ ಅಂತರರಾಷ್ಟ್ರೀಯ ಸಂರಕ್ಷಣಾ ಪ್ರಶಸ್ತೀನೂ ಬಂತು.

ನಮ್ಮ ಹಾಸನದ ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟದಲ್ಲೂ ಇದೇ ಥರ ಮೆಸೇಜ್, ವಾಯ್ಸ್ ಕಾಲ್, ಡಿಸ್‌ಪ್ಲೇ ಬೋರ್ಡ್ ಬಂದಿದೆ, ಆನೆ ಕಾರ್ಯಪಡೆ ಇದೆ, ವಾಟ್ಸಾಪ್ ಗ್ರೂಪುಗಳಂತೂ ಲೆಕ್ಕ ಇಲ್ಲ. ಆದ್ರೆ ಮೆಸೇಜ್ ಬಂದ್ರೆ ಮುಗೀಲಿಲ್ಲ, ಅದನ್ನ ಓದಿ ಏನ್ ಮಾಡ್ಬೇಕು ಅಂತ ಗೊತ್ತಿರ್ಬೇಕು, ಲೈನ್ ಮನೇಲಿ ಇರೋ ಕೂಲಿ ಹೆಂಗಸಿಗೆ ಅವಳ ಭಾಷೇಲಿ ತಲುಪ್ಬೇಕು, ಅಸ್ಸಾಮಿನಿಂದ ಬಂದು ಕೆಲ್ಸ ಮಾಡ್ತಿರೋರಿಗೆ ಕನ್ನಡ ಮೆಸೇಜ್ ಕಳ್ಸಿದ್ರೆ ಏನ್ ಬಂತು. ಇಲ್ಲೇ ತರಬೇತಿ ಬೇಕಾಗೋದು. ಬೆಳಗಿನ ಜಾವ, ಸಂಜೆ ಕತ್ತಲಾದ್ಮೇಲೆ ಒಬ್ಬೊಬ್ರೇ ನಡೀಬಾರ್ದು. ಕಿವೀಲಿ ಇಯರ್‌ಫೋನ್ ಬೇಡ, ಆನೆ ಸೊಪ್ಪು ಮುರಿಯೋ ಸದ್ದು, ಹೊಟ್ಟೆ ಗುಡುಗುಡು ಸದ್ದು ಕೇಳಿಸ್ಬೇಕು. ಲದ್ದಿ ಬಿಸಿ ಇದ್ಯಾ, ಮುರಿದ ಕೊಂಬೆಯ ಎಲೆ ಬಾಡಿದ್ಯಾ ನೋಡ್ಬೇಕು. ಗಾಳಿ ನಮ್ಮ ಕಡೆಯಿಂದ ಅದರ ಕಡೆ ಬೀಸ್ತಿದ್ರೆ ನಾವು ನೋಡೋಕ್ ಮುಂಚೇನೇ ಅದಕ್ಕೆ ನಮ್ಮ ವಾಸನೆ ಸಿಕ್ಕಿರತ್ತೆ. ಹಲಸು ಹಣ್ಣಾಗೋ ಟೈಮಲ್ಲಿ ಯಾವ ಮರದ ಕೆಳಗೆ ಬರ್ತಾವೆ ಅಂತ ಮೊದ್ಲೇ ಊಹಿಸ್ಬೇಕು. ಕಣ್ಣು ಕಿವಿ ನಡುವೆ ಕೆನ್ನೆ ಮೇಲೆ ಮದ ಸೋರ್ತಿರೋ ಸಲಗ ಕಂಡ್ರೆ ಆ ದಿನ ಆ ದಾರೀನೇ ಬೇಡ. ಫೋಟೋ, ವಿಡಿಯೋ ತೆಗೆಯೋಕೆ ಹತ್ರ ಹೋಗೋದು, ಹಿಂಡನ್ನ ಕೂಗಾಡಿ ಅಟ್ಟೋದು, ಕಲ್ಲು ಹೊಡೆಯೋದು, ಇದೆಲ್ಲ ಆ ಆನೆ ಮುಂದಿನ ಸಲ ಮನುಷ್ಯರನ್ನ ಕಂಡ ಕೂಡ್ಲೇ ತಿರುಗಿ ಬೀಳೋ ಹಾಗೆ ಮಾಡತ್ತೆ, ಅದರ ಏಟು ತಿನ್ನೋದು ಬೇರೆ ಯಾರೋ ಪಾಪದೋರು.

ಮಕ್ಕಳಿಗೆ ಆನೆ ಪಾಠ ಮಾಡೋಕೆ ಒಂದು ಒಳ್ಳೇ ದಾರಿ ಇದೆ. ಆನೆ ಮುಂಗಾಲಿನ ಹೆಜ್ಜೆ ಗುರುತಿನ ಸುತ್ತಳತೆ ಒಂದು ಹಗ್ಗದಲ್ಲಿ ಅಳೆದು ಎರಡು ಪಟ್ಟು ಮಾಡಿದ್ರೆ ಹೆಚ್ಚು ಕಮ್ಮಿ ಆ ಆನೆ ಭುಜದ ಎತ್ತರ ಸಿಗತ್ತೆ. ಕೆರೆ ಅಂಚಿನ ಕೆಸರಲ್ಲಿ, ಆನೆ ದೂರ ಹೋಗಿದೆ ಅಂತ ಅರಣ್ಯ ಇಲಾಖೆ ವಾಚರ್ ಖಾತ್ರಿ ಮಾಡಿದ ಮೇಲೆ, ದೊಡ್ಡೋರ ಜೊತೆ ಹೋಗಿ ಅಳೆದು, ಆ ಎತ್ತರಕ್ಕೆ ಸ್ಕೂಲ್ ಗೋಡೆ ಮೇಲೆ ಗೆರೆ ಎಳೆಸಿ ನೋಡಿ, ಆ ಗೆರೆ ಪಕ್ಕ ನಿಂತ ಮಗುಗೆ ಆನೆ ಅಂದ್ರೆ ಎಷ್ಟು ದೊಡ್ಡದು, ಎಷ್ಟು ದೂರ ಇರ್ಬೇಕು ಅಂತ ಯಾವ ಭಾಷಣಾನೂ ಹೇಳದಷ್ಟು ಚೆನ್ನಾಗಿ ಅರ್ಥ ಆಗತ್ತೆ. ಗಣಿತದ ಮೇಷ್ಟ್ರಿಗೂ ಖುಷಿ.

ಚಿರತೆ ವಿಷ್ಯಾನ ಚಿಕ್ಕದಾಗಿ ಹೇಳ್ತೀನಿ. 2022ರ ಕೊನೆ, 2023ರ ಶುರುವಲ್ಲಿ ಟಿ. ನರಸೀಪುರ ತಾಲೂಕಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಹೋದ್ರು, ಆ ಭಾಗದ ಜನ ಪಟ್ಟ ಸಂಕಟ ನೋಡಿದೋರು ಮರೆಯಲ್ಲ. ಅಂಥ ಹೊತ್ತಲ್ಲಿ ಬೋನಿಟ್ಟು ಹಿಡೀರಿ ಅನ್ನೋ ಒತ್ತಾಯ ಸಹಜ. ಆದ್ರೆ ಯಾರಿಗೂ ತೊಂದ್ರೆ ಕೊಡದೆ ಬರೀ ಕಣ್ಣಿಗೆ ಬಿದ್ದ ಚಿರತೇನ ಹಿಡಿದು ಇನ್ನೆಲ್ಲೋ ಬಿಟ್ರೆ ಆ ಜಾಗಕ್ಕೆ ಇನ್ನೊಂದು ಬರತ್ತೆ, ಬಿಟ್ಟ ಕಡೆ ಹೊಸ ಗಲಾಟೆ ಶುರು ಆಗತ್ತೆ, ಮಹಾರಾಷ್ಟ್ರದ ಜುನ್ನಾರ್‌ನಲ್ಲಿ ನಡೆದ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಅವ್ರ ಅಧ್ಯಯನ ಇದನ್ನೇ ತೋರಿಸ್ತು. ಮುಂಬೈನ ಸಂಜಯ್ ಗಾಂಧಿ ಪಾರ್ಕ್ ಸುತ್ತ 2011ರಲ್ಲಿ ಅರಣ್ಯ ಇಲಾಖೆ ಊರಿನ ಜನಾನ ಸೇರಿಸ್ಕೊಂಡು ಮಾಡಿದ ಅಭಿಯಾನದಲ್ಲಿ ಹೇಳ್ಕೊಟ್ಟಿದ್ದು ಬರೀ ದಿನನಿತ್ಯದ ಅಭ್ಯಾಸಗಳು, ಕಸ ರಾಶಿ ಹಾಕ್ಬೇಡಿ ನಾಯಿ ಸೇರ್ತಾವೆ ನಾಯಿ ಹಿಂದೆ ಚಿರತೆ ಬರತ್ತೆ, ಕತ್ತಲಾದ್ಮೇಲೆ ಸಣ್ಣ ಮಕ್ಕಳನ್ನ ಒಬ್ರನ್ನೇ ಬಿಡಬೇಡಿ, ದನ ಕುರಿ ಕೊಟ್ಟಿಗೆಗೆ ಬಾಗಿಲು ಹಾಕಿ, ಚಿರತೆ ಕಂಡ್ರೆ ಗುಂಪುಗಟ್ಟಿ ಸುತ್ತುವರೀಬೇಡಿ ಅಂತ. ನಮ್ಮ ಕಡೆ ಇದಕ್ಕೆ ಹೆಜ್ಜೆ ಗುರುತು ಓದೋದನ್ನೂ ಸೇರಿಸ್ಬೇಕು, ನಾಯಿ ಹೆಜ್ಜೇಲಿ ಉಗುರು ಕಾಣತ್ತೆ, ಚಿರತೆ ನಡೆವಾಗ ಉಗುರು ಒಳಗಿರತ್ತೆ, ಇಷ್ಟು ಗೊತ್ತಿದ್ರೆ ನಾಯಿ ಹೆಜ್ಜೆ ಫೋಟೋ ನೋಡಿ ಊರಿಗೂರೇ ರಾತ್ರಿ ನಿದ್ದೆಗೆಡೋದು ತಪ್ಪತ್ತೆ.

ನಷ್ಟದ ಲೆಕ್ಕ ತುಂಬೋದೂ ಒಂದು ವಿದ್ಯೆ

ಹೊರಾಂಗಣ ವಿದ್ಯೆ ಅಂದ್ರೆ ಬರೀ ಕಾಡಲ್ಲಿ ನಡೆಯೋದು ಅಲ್ಲ ಅಂತ ನಾನು ಹೇಳೋದು ಇದಕ್ಕೇ. ಆನೆ ಬಂದು ಬೆಳೆ ತುಳಿದು ಹೋದ ಬೆಳಗ್ಗೆ ರೈತನಿಗೆ ಬೇಕಾಗೋದು ಫೋಟೋ ಹೇಗೆ ತೆಗೀಬೇಕು, ಯಾವ ಕಾಗದ ಇಡಬೇಕು, ಯಾರ ಹತ್ರ ಹೋಗ್ಬೇಕು ಅನ್ನೋದು. ಆರ್‌ಟಿಸಿ ಅಪ್ಪನ ಹೆಸರಲ್ಲೇ ಇರತ್ತೆ, ಬ್ಯಾಂಕ್ ಪಾಸ್‌ಬುಕ್ ಇನ್ನೆಲ್ಲೋ, ಓಡಾಟಕ್ಕೆ ಎರಡು ದಿನದ ಕೂಲಿ ಹೋಗತ್ತೆ, ಪರಿಹಾರ ಬರತ್ತೋ ಇಲ್ವೋ ಅಂತ ಅರ್ಜೀನೇ ಹಾಕಲ್ಲ. ಆ ಸಿಟ್ಟು ಮುಂದಿನ ಸಲ ಬೇಲಿಗೆ ನೇರವಾಗಿ ಕರೆಂಟ್ ಕೊಡೋದ್ರಲ್ಲಿ, ಹಂದಿಗೆ ಅಂತ ಉರುಳು ಹಾಕೋದ್ರಲ್ಲಿ ಕೊನೆ ಆಗತ್ತೆ, ಅದಕ್ಕೆ ಆನೆ, ಚಿರತೆ ಮಾತ್ರ ಅಲ್ಲ, ಪಕ್ಕದ ಹೊಲದ ಮನುಷ್ಯರೂ ಬಲಿ ಆಗಿದಾರೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಅನ್ನೋ ಸಂಸ್ಥೆ 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತಲಿನ ಊರುಗಳಿಗೆ ವೈಲ್ಡ್ ಸೇವೆ ಅಂತ ಶುರು ಮಾಡ್ತು, ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದ್ರೆ ಆ ಭಾಗದ ಹುಡುಗರೇ ಮನೆಗೆ ಬಂದು ನಷ್ಟ ಅಳೆದು, ಅರ್ಜಿ ತುಂಬಿ, ಇಲಾಖೆಗೆ ಕೊಡೋಕೆ ಸಹಾಯ ಮಾಡ್ತಾರೆ. ಅದೇ ಸಂಸ್ಥೆ 2018ರಲ್ಲಿ ವೈಲ್ಡ್ ಶಾಲೆ ಅಂತ ಕಾಡಂಚಿನ ಸ್ಕೂಲು ಮಕ್ಕಳಿಗೆ ಪಾಠ ಶುರು ಮಾಡ್ತು, ಆಟ, ಚಿತ್ರ, ಕಥೆ ಜೊತೆಗೆ ಪ್ರಾಣಿ ಎದುರಾದ್ರೆ ಏನ್ ಮಾಡ್ಬೇಕು ಅನ್ನೋದೂ ಅದ್ರಲ್ಲಿದೆ. ಮೊದ್ಲು ನಷ್ಟಕ್ಕೆ ಜೊತೆಗೆ ನಿಂತು, ಆಮೇಲೆ ಪಾಠಕ್ಕೆ ಬಂದ್ರು ಅನ್ನೋ ಆ ಕ್ರಮ ಇದ್ಯಲ್ಲ, ಅದು ಸರಿಯಾದ ಕ್ರಮ.

ಕೊಕ್ಕರೆ ಬೆಳ್ಳೂರಿನದು ಇನ್ನೂ ಹಳೇ ಕಥೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕು, ಶಿಂಷಾ ನದಿಗೆ ಹತ್ರ, ಊರೊಳಗಿನ ಹುಣಸೆ, ಅರಳಿ ಮರಗಳ ಮೇಲೇನೇ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಮತ್ತೆ ಬಣ್ಣದ ಕೊಕ್ಕರೆ ಗೂಡು ಕಟ್ತಾವೆ, ಮನೆ ಅಂಗಳದ ಮೇಲೇ ಮರಿ ಸಾಕ್ತಾವೆ. 1864ರಲ್ಲೇ ಜರ್ಡನ್ ಅನ್ನೋ ಬ್ರಿಟಿಷ್ ಪಕ್ಷಿತಜ್ಞ ಈ ಭಾಗದ ಹೆಜ್ಜಾರ್ಲೆ ಬಗ್ಗೆ ಬರೆದಿದ್ದ, 1976ರಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ್ ಅವ್ರಿಂದ ಹೊರಗಿನ ಜನಕ್ಕೆ ಮತ್ತೆ ಗೊತ್ತಾಯ್ತು, ಊರಿನೋರಿಗೆ ಯಾವತ್ತೂ ಗೊತ್ತೇ ಇತ್ತು ಅನ್ನಿ. ಅವ್ರು ಹಕ್ಕಿ ಬಂದ್ರೆ ಒಳ್ಳೇದು ಅಂತ ನಂಬಿದೋರು, ಮರದ ಕೆಳಗೆ ಗುಂಡಿ ತೆಗೆದು ಹಿಕ್ಕೆ ಶೇಖರಿಸಿ ಹೊಲಕ್ಕೆ ಗೊಬ್ಬರ ಮಾಡ್ಕೊಂಡೋರು. ಆಮೇಲೆ ಹುಣಸೆ ಹಣ್ಣಿಗೆ, ಸೌದೆಗೆ ರೇಟ್ ಬಂದು ಮರ ಕಡಿಯೋದು ಜಾಸ್ತಿ ಆದಾಗ, 1990ರ ದಶಕದಲ್ಲಿ ಮೈಸೂರಿನ ಪ್ರಕೃತಿ ಆಸಕ್ತರು ಊರಿನ ಯುವಕರ ಜೊತೆ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದ್ರು. ಅಲ್ಲಿ ಕಲಿಸಿದ್ದು ಪಕ್ಷಿಗಳ ಲ್ಯಾಟಿನ್ ಹೆಸರಲ್ಲ, ಗೂಡಿಂದ ಬಿದ್ದ ಮರಿಯನ್ನ ಹೇಗೆ ಎತ್ಕೋಬೇಕು, ಬಲೆ ಕಟ್ಟಿದ ಆವರಣದಲ್ಲಿ ಹೇಗೆ ಇಡಬೇಕು, ಎಂಥ ಮೀನು ಕೊಡ್ಬೇಕು, ಹಾರೋಕೆ ಬಂದ್ಮೇಲೆ ಯಾವಾಗ ಬಿಡ್ಬೇಕು ಅಂತ. ಕಾಯಿ ಕೀಳದೆ ಮರ ಬಿಟ್ಟೋರಿಗೆ ಅರಣ್ಯ ಇಲಾಖೆಯಿಂದ ಸ್ವಲ್ಪ ದುಡ್ಡೂ ಬಂತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಆಯ್ತು. ಹೆಜ್ಜಾರ್ಲೆ ಮರಿ ಕೈಯಲ್ಲಿ ಹಿಡಿದು ಮೀನು ತಿನ್ನಿಸಿದ ಹುಡುಗ ದೊಡ್ಡೋನಾದ್ಮೇಲೆ ಮರ ಕಡಿಯೋಕೆ ಯೋಚ್ನೆ ಮಾಡ್ತಾನೆ. ಎಲ್ಲಾ ಸಲೀಸಾಗಿ ನಡೀತಿದೆ ಅಂತಲ್ಲ, 2017ರ ಕೊನೆಯಿಂದ ಹೊಟ್ಟೆಹುಳದ ಕಾಟಕ್ಕೆ ಸಾಲಾಗಿ ಹೆಜ್ಜಾರ್ಲೆಗಳು ಸತ್ವು, ಸುತ್ತಲಿನ ಕೆರೆಗಳ ನೀರಿನ ಸ್ಥಿತಿ ಬಗ್ಗೇನೂ ಯೋಚ್ನೆ ಮಾಡ್ಬೇಕು ಅಂತ ಆಗ ಗೊತ್ತಾಯ್ತು. ಊರಿನೋರ ಕೈಲಿ ಮರ ಇದೆ, ಕೆರೆಗಳೆಲ್ಲ ಇಲ್ಲ.

ಯಾರು ಮೇಷ್ಟ್ರು

ಈ ಥರ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಆಗೋದು, ಸಿಟಿಯಿಂದ ಬಂದೋರು ಪಾಠ ಮಾಡ್ತಾರೆ, ಕಾಡು ಗೊತ್ತಿರೋರು ಕೆಳಗೆ ಕೂತು ಕೇಳ್ತಾರೆ. ಇದು ತಿರುಗಾಮುರುಗಾ ಆಗ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ತಮಿಳುನಾಡಿನ ಇರುಳ ಬುಡಕಟ್ಟಿನೋರನ್ನೇ ನೋಡಿ, ಹಾವಿನ ಜಾಡು ಹಿಡಿಯೋದ್ರಲ್ಲಿ ಅವ್ರಿಗೆ ಸಮ ಯಾರೂ ಇಲ್ಲ, ಒಂದು ಕಾಲಕ್ಕೆ ಹಾವಿನ ಚರ್ಮದ ವ್ಯಾಪಾರಕ್ಕೆ ಆ ವಿದ್ಯೆ ಬಳಕೆ ಆಗ್ತಿತ್ತು, 1972ರ ವನ್ಯಜೀವಿ ಕಾಯ್ದೆ ಬಂದು ಆಮೇಲೆ ಚರ್ಮದ ರಫ್ತೂ ನಿಂತಾಗ ಹೊಟ್ಟೆಪಾಡೇ ಹೋಯ್ತು. 1978ರಲ್ಲಿ ಹಾವು ತಜ್ಞ ರೋಮುಲಸ್ ವಿಟೇಕರ್ ಅವ್ರ ಜೊತೆ ಸೇರಿ ಚೆನ್ನೈ ಹತ್ರ ಇರುಳರ ಹಾವು ಹಿಡಿಯೋರ ಸಹಕಾರ ಸಂಘ ಕಟ್ಕೊಂಡ್ರು, ಲೈಸೆನ್ಸ್ ತಗೊಂಡು ಹಾವು ಹಿಡಿದು, ಕೆಲವು ವಾರ ಇಟ್ಕೊಂಡು ವಿಷ ತೆಗೆದು, ಮತ್ತೆ ಬಿಟ್ಟುಬಿಡ್ತಾರೆ. ನಮ್ಮ ತಾಲೂಕು ಆಸ್ಪತ್ರೇಲಿ ಸಿಗೋ ವಿಷನಿರೋಧಕ ಔಷಧಿಯ ಮೂಲ ಬಹುಮಟ್ಟಿಗೆ ಈ ಜನರ ಕೈಯಿಂದ ಬಂದ ವಿಷಾನೇ. ಇವ್ರಲ್ಲಿ ಇಬ್ರು, ಮಾಸಿ ಸಡೈಯನ್ ಮತ್ತೆ ವಡಿವೇಲ್ ಗೋಪಾಲ್, 2017ರಲ್ಲಿ ಅಮೆರಿಕದ ಫ್ಲೋರಿಡಾಗೆ ಹೋಗಿ ಅಲ್ಲಿ ಕಾಡು ಹಾಳು ಮಾಡ್ತಿದ್ದ ಬರ್ಮಾ ಹೆಬ್ಬಾವು ಹಿಡಿದು ಕೊಟ್ರು, 2023ರಲ್ಲಿ ಇಬ್ರಿಗೂ ಪದ್ಮಶ್ರೀ ಬಂತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರದ್ದೂ ಇಂಥದೇ ತಿಳುವಳಿಕೆ, 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದೋರು ಅವ್ರು. ಬೇಸಿಗೆ ಶುರುವಲ್ಲಿ ಸಣ್ಣದಾಗಿ ತರಗು ಬೆಂಕಿ ಹಾಕಿ ದೊಡ್ಡ ಬೆಂಕಿ ತಪ್ಪಿಸ್ತಿದ್ದ ಹಳೇ ಪದ್ಧತಿ ನಿಂತ ಮೇಲೆ ಲಂಟಾನ ಅನ್ನೋ ಕಳೆ ಗಿಡ ಹೇಗೆ ಹಬ್ತು ಅಂತ ಸೋಲಿಗ ಹಿರಿಯರು ವಿವರಿಸೋದನ್ನ ಕಾಡಿಗೆ ಬರೋ ಪ್ರತಿ ವಿದ್ಯಾರ್ಥೀನೂ ಕೇಳ್ಬೇಕು. ಇಂಥೋರಿಗೆ ಸಂಪನ್ಮೂಲ ವ್ಯಕ್ತಿ ಅಂತ ಶಾಲು ಹೊದಿಸಿ ಕಳ್ಸೋದಲ್ಲ, ದಿನಕ್ಕೆ ಇಷ್ಟು ಅಂತ ಸಂಬಳ ಕೊಟ್ಟು ಮೇಷ್ಟ್ರು ಮಾಡ್ಬೇಕು.

ಯಾರಾದ್ರೂ ತಮ್ಮ ಊರಲ್ಲಿ ಇಂಥದ್ದು ಮಾಡೋಕೆ ಯೋಚ್ನೆ ಮಾಡ್ತಿದ್ರೆ, ಅಕ್ಟೋಬರ್ ತನಕ ಕಾಯ್ಬೇಡಿ, ಹಾವಿನ ಪಾಠ ಮುಂಗಾರಿಗೆ ಮುಂಚೆ ಮೇ ಕೊನೆಗೇ ಆಗ್ಬೇಕು, ಆನೆ ಪಾಠ ಆ ಭಾಗದಲ್ಲಿ ರಾಗಿ, ಭತ್ತ, ಹಲಸು ಯಾವಾಗ ಬರತ್ತೋ ಅದಕ್ಕೆ ಒಂದು ತಿಂಗಳು ಮುಂಚೆ. ಸಂಜೆ ಕೂಲಿಯಿಂದ ಬಂದ ಹೆಂಗಸರು ಅಡುಗೆ ಮುಗಿಸೋ ಟೈಮ್ ನೋಡ್ಕೊಂಡು ಕರೀರಿ, ಸೌದೆಗೆ, ನೀರಿಗೆ, ಹುಲ್ಲಿಗೆ ಹೋಗೋರು ಅವ್ರೇ. ಆಶಾ ಕಾರ್ಯಕರ್ತೆ, ಅರಣ್ಯ ವಾಚರ್, ಊರಲ್ಲಿ ಬೈಕ್ ಇರೋ ನಾಲ್ಕು ಹುಡುಗರು ಮೊದಲ ಸಾಲಲ್ಲಿ ಇರ್ಲಿ. ಹಾವು ಹಿಡಿಯೋದನ್ನ ಮಾತ್ರ ಯಾರಿಗೂ ಕಲಿಸ್ಬೇಡಿ, ಯೂಟ್ಯೂಬ್ ನೋಡಿ ಬರಿಗೈಲಿ ಹಿಡಿಯೋಕೆ ಹೋಗಿ ಎಷ್ಟೋ ಹುಡುಗರು ಜೀವ ಕಳ್ಕೊಂಡಿದಾರೆ, ಫೋನ್ ಮಾಡಿ ಹಾವಿನ ಮೇಲೆ ದೂರದಿಂದ ಕಣ್ಣಿಟ್ಟಿರೋದಷ್ಟೇ ಊರಿನೋರ ಕೆಲ್ಸ. ಹತ್ರದ ಯಾವ ಆಸ್ಪತ್ರೇಲಿ ವಿಷನಿರೋಧಕ ಇದೆ, ರಾತ್ರಿ ಡಾಕ್ಟರ್ ಇರ್ತಾರಾ ಅಂತ ಮೊದ್ಲೇ ಹೋಗಿ ಕೇಳ್ಕೊಂಡು ಬನ್ನಿ, ಡಾಕ್ಟರು ಟ್ರಾನ್ಸ್‌ಫರ್ ಆಗ್ತಿರ್ತಾರೆ, ಸ್ಟಾಕ್ ಖಾಲಿ ಆಗ್ತಿರತ್ತೆ, ಅದಕ್ಕೇ ಪ್ರತಿ ವರ್ಷ ಕೇಳ್ಬೇಕು. ಆ ಆಸ್ಪತ್ರೆ ಹೆಸರು, 108, ಅರಣ್ಯ ಇಲಾಖೆ ಸಹಾಯವಾಣಿ 1926 ಇಷ್ಟನ್ನ ಹಾಲಿನ ಡೈರಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಒಂದು ವರ್ಷ ಆದ್ಮೇಲೆ ಎಷ್ಟು ಜನ ಬಂದಿದ್ರು ಅಂತ ಲೆಕ್ಕ ಹಾಕ್ಬೇಡಿ, ಈ ವರ್ಷ ಊರಲ್ಲಿ ಎಷ್ಟು ಹಾವು ಹೊಡೆದ್ರು, ಕಚ್ಚಿದ ಮೇಲೆ ಆಸ್ಪತ್ರೆ ಸೇರೋಕೆ ಎಷ್ಟು ಹೊತ್ತಾಯ್ತು, ಬೆಳೆ ಹೋದೋರಲ್ಲಿ ಎಷ್ಟು ಜನ ಅರ್ಜಿ ಹಾಕಿದ್ರು ಅಂತ ಮನೆ ಮನೆಗೆ ಹೋಗಿ ಕೇಳಿ ಬರ್ಕೊಳ್ಳಿ, ಮುಂದಿನ ವರ್ಷ ಯಾವುದನ್ನ ಮತ್ತೆ ಕಲಿಸ್ಬೇಕು ಅಂತ ಆ ಉತ್ತರಗಳಿಂದಾನೇ ಗೊತ್ತಾಗತ್ತೆ.